ಮದುವೆಯಾದ ಮೇಲೆ ಅಚ್ಚಾದ ಲಗ್ನಪತ್ರಿಕೆ

ನಮ್ಮ ಮದುವೆಗೆ ಎರಡು ಲಗ್ನಪತ್ರಿಕೆಗಳು ಅಚ್ಚಾಗಿವೆ. ಎರಡೂ ಮದುವೆಯಾಗಿ ಹನ್ನೊಂದು ವರ್ಷದ ಮೇಲೆ. ಒಂದರಲ್ಲಿ ನಮ್ಮ ಮಾವ ತೀರಿಕೊಂಡಿದ್ದಾರೆ, ಇನ್ನೊಂದರಲ್ಲಿ ಬದುಕಿದ್ದಾರೆ. ನಿಮಗೆ ವಿಚಿತ್ರ ಅನ್ನಿಸಬಹುದು. ನನಗಂತೂ ಆ ಪತ್ರಿಕೆಗಳ ಮೇಲೆ ಎಷ್ಟೋ ನನ್ನ ನೆನಪಿನ ಮೇಲೂ ಅಷ್ಟೇ ನಂಬಿಕೆ. ಅದೂ ಕೇಳಿದವರಿಗೆ ಬೇಕಾದ ಹಾಗೆ ಅಚ್ಚು ಹಾಕಿಕೊಡುತ್ತದೆ.

ಹೊಳಲ್ಕೆರೆಯಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ನಮ್ಮ ಮನೆಯವರು ರುದ್ರೇಶ್, ಬಸ್ ಸ್ಟ್ಯಾಂಡಿನೆದುರು ಟೈಲರ್. ಎರಡು ಸಾವಿರದ ನಾಲ್ಕೋ ಐದೋ ಇಸವಿ, ಇಥಿಯೋಪಿಯಾದ ಕಾಲೇಜೊಂದರಲ್ಲಿ ನನಗೆ ಎರಡು ವರ್ಷಕ್ಕೆ ಕೆಲಸ ಸಿಕ್ಕಿತು. ನಮಗೆ ಮಕ್ಕಳಿಲ್ಲ, ಇಬ್ಬರೂ ಹೋಗುವುದೆಂದು ಮಾತಾಗಿತ್ತು. ಪಕ್ಕದಂಗಡಿಯವನು ಬಿಡುತ್ತಾನೆಯೇ? "ಏನಪ್ಪ ರುದ್ರೇಶಿ, ಹೆಂಡ್ತಿ ಸೆರಗು ಹಿಡ್ಕಂಡು ಇಮಾನ ಹತ್ತೀಯಂತೆ?"

"ಹೂಂ ಕಣಲೇ, ಆ ಸೆರಗಿಗೆ ಜಿಗ್‌ಜಾಗ್ ಹೊಡ್ದೋನೂ ನಾನೇ."

ಗಂಡನ ವೀಸಾಕ್ಕೆ ಮದುವೆಯ ಸರ್ಟಿಫಿಕೇಟ್ ಬೇಕು. ಅದಕ್ಕೆ ಮದುವೆಯ ನೋಂದಣಿ ಆಗಬೇಕು. ನೋಂದಣಿಗೆ ಲಗ್ನಪತ್ರಿಕೆ ಬೇಕು. ನಮ್ಮದು ಮಠದಲ್ಲಾದ ಸಾಮೂಹಿಕ ವಿವಾಹ, ಪತ್ರಿಕೆಯೆಲ್ಲಿಂದ ಬರಬೇಕು? ಸಾಧಿಸಬೇಕಾದದ್ದನ್ನು ಮೊದಲೇ ಸತ್ಯವೆಂದು ಹಿಡಿಯಬಾರದು ಎಂದು ತರಗತಿಯಲ್ಲಿ ಬೈಯುತ್ತಿದ್ದವಳು, ಹಳೆಯ ತಾರೀಖು ಹಾಕಿ ಪತ್ರಿಕೆ ಮಾಡಿಸಲು ಇವರನ್ನೇ ಪ್ರೆಸ್ಸಿಗೆ ಕಳಿಸಿದೆ.

ಸಬ್ ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತರು ನಮ್ಮ ಮದುವೆಯ ಫೋಟೋ ನೋಡುತ್ತ, ಅಕ್ಷತೆ ಹಾಕುತ್ತಿದ್ದ ರುಮಾಲಿನ ಮುದುಕರ ಮೇಲೆ ಬೆರಳಿಟ್ಟರು. "ಇವರು ಯಾರು?"

"ನಮ್ಮಪ್ಪ," ಎಂದರು ಇವರು, ಹೆಮ್ಮೆಯಿಂದ.

"ಫೋಟೋದಾಗೆ ಅಕ್ಷತೆ ಹಾಕ್ತಾವ್ರೆ, ಕಾರ್ಡ್‌ನಾಗೆ ಲಿಂಗೈಕ್ಯ ಆಗ್ಯಾರೆ. ಯಾವುದನ್ನ ನಂಬಾಣ ಹೇಳ್ರಿ?"

ತೀರಿಕೊಂಡವರ ಹೆಸರಿನ ಹಿಂದೆ ನಮ್ಮ ಲಿಂಗಾಯತರು ಬಿಡದೆ ಹಾಕುವ ಪದ ಅದು. ಮಾವ ಹೋಗಿ ಆಗ ಎರಡು ವರ್ಷವಾಗಿತ್ತು. ಮದುವೆಯ ದಿನ ಅವರು ಬದುಕಿದ್ದರೆಂಬ ಲೆಕ್ಕ ಇವರಿಗೆ ಹೊಳೆದಿರಲಿಲ್ಲವೇ? ಹೊಳೆದಿತ್ತು. ಆ ಪದವಿಲ್ಲದೆ ಅಪ್ಪನ ಹೆಸರು ಬರೆದುಕೊಡಲು ಕೈ ಬರಲಿಲ್ಲ, ಅಷ್ಟೆ.

ಆ ಪದ ತೆಗೆಸಿ ಇನ್ನೊಂದು ಮಾಡಿಸಿ ಎಂದೆ. ಹೊಲಿಗೆ ನಿಲ್ಲಿಸದೆ ಅಂದರು: "ಅಪ್ಪನ್ನ ನನ್ನ ಕೈಯಾರೆ ಮಣ್ಣು ಮಾಡೀನಿ. ನಿನ್ನ ವೀಸಾಕ್ಕೆ ಎಬ್ಬಿಸಿ ಕೂರಿಸು ಅಂತೀಯಲ್ಲೇ."

ನನಗೆ ಹೊರಡುವ ಅವಸರ. ಹೇಳದೆ ಚಿತ್ರದುರ್ಗಕ್ಕೆ ಹೋಗಿ ಬೇರೆ ಪತ್ರಿಕೆ ಹಾಕಿಸಿದೆ. ಪ್ರೆಸ್ಸಿನವರು, "ಮದುವೆ ಆದ ಮ್ಯಾಲೆ ಕಾರ್ಡ್ ಹಾಕ್ಸೋರು ಬಾಳ ಜನ ಬರ್ತಾರೆ ಬಿಡ್ರಿ ಮೇಡಂ," ಎಂದು ಸಮಾಧಾನ ಹೇಳಿದರು. ಅದನ್ನು ತಂದು ಮಷೀನಿನ ಮೇಲಿಟ್ಟೆ. ಇವರು ಓದಿದರು. ಅಪ್ಪನ ಹೆಸರಿನ ಮೇಲೆ ಬೆರಳಾಡಿಸಿ, ಕಣ್ಣಿಗೊತ್ತಿಕೊಂಡು, ಅಂಗಿಯ ಜೇಬಿಗೆ ಹಾಕಿಕೊಂಡರು. ಗೆದ್ದೆ ಅಂದುಕೊಂಡೆ. ಮರುದಿನ ಕಚೇರಿಯ ಬಾಗಿಲಲ್ಲಿ ಸಂಜೆಯವರೆಗೆ ಕಾದೆ. ಇವರು ಬರಲಿಲ್ಲ. ಜೋರು ಮಳೆಯಿತ್ತು, ಅದಕ್ಕೇ ಬರಲಿಲ್ಲ ಎಂದು ಬಹಳ ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಮಳೆ ಬಂದಿರಲಿಲ್ಲವೆಂದು ಕಾಣುತ್ತದೆ.

ಒಬ್ಬಳೇ ಹೋದೆ. ವಾರಕ್ಕೊಮ್ಮೆ ಫೋನ್ ಮಾಡಿದರೆ ಊಟ ಆಯಿತೇ ಎಂದು ಅವರು ಕೇಳುವರು, ಆಯಿತು ಎಂದು ನಾನು ಹೇಳುವೆ. ಕ್ಷಮಿಸಿ ಎನ್ನಲು ಎರಡು ವರ್ಷವಿತ್ತು. ಅನ್ನಲಿಲ್ಲ.

ವಾಪಸು ಬಂದ ದಿನ ನೇರ ಅಂಗಡಿಗೇ ಹೋದೆ. ಕನ್ನಡಕದ ಮೇಲಿಂದ ನೋಡಿದರು.

"ಬರ್ರಿ ಮೇಡಂ, ಕುಂತ್ಕಳ್ರಿ."

ತಮಾಷೆಯೆಂದು ನಕ್ಕೆ. ಅವರು ನಗಲಿಲ್ಲ. ಬಟ್ಟೆ ಕೊಡಲು ಬಂದವರು ಕೂರುವ ಬೆಂಚಿನ ತುದಿಯಲ್ಲಿ ಕೂತೆ.

ಈಗಲೂ ಒಂದೇ ಮನೆಯಲ್ಲಿದ್ದೇವೆ. ನಾವು ಗಂಡ ಹೆಂಡತಿ ಎಂಬುದಕ್ಕೆ ಯಾವ ಕಚೇರಿಯೂ ಪುರಾವೆ ಕೇಳುವುದಿಲ್ಲ. ಕೇಳಬೇಕಾದವರು ನಾವಿಬ್ಬರೇ, ಒಬ್ಬರ ಮೇಲೊಬ್ಬರಿಗೆ ಕರುಣೆಯಿದೆ, ಕೇಳಿಲ್ಲ.