ಕೀಬೋರ್ಡು ಹಿಡಿದು ಸಂದರ್ಶನಕ್ಕೆ ಹೋದೆವು

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ಬಸ್ಸು ಹತ್ತಿದಾಗ ನನ್ನ ಕೈಚೀಲದಲ್ಲಿ ನೀರಿನ ಬಾಟಲಿ, ಪ್ರಮೀಳಾಳ ಅಂಕಪಟ್ಟಿಗಳು ಮತ್ತು ಒಂದು ಪುಟ್ಟ ಕೀಬೋರ್ಡು ಇದ್ದವು. ಪ್ರಮೀಳಾ ನನ್ನ ನಾದಿನಿ. ಗ್ರಂಥಾಲಯ ವಿಜ್ಞಾನ ಓದಿ, ಒಂದು ಶಾಲೆಯ ಲೈಬ್ರರಿಯಲ್ಲಿ ಕೆಲಸಕ್ಕಿದ್ದವಳು. ಮಿದುಳು ಜ್ವರ ಬಂದು ಬದುಕಿ ಎದ್ದಾಗ ಎರಡೂ ಕಿವಿ ಹೋಗಿದ್ದವು. ಶಾಲೆಯವರು ಕೆಲಸವನ್ನೂ ತೆಗೆದರು. ಅವಳ ಮಾತು ಮಾತ್ರ ಎಲ್ಲಿಗೂ ಹೋಗಿಲ್ಲ, ಮೊದಲಿನ ಹಾಗೆಯೇ ಆಡುತ್ತಾಳೆ. ಎದುರಿನವರು ಹೇಳಿದ್ದನ್ನು ಓದಿಕೊಳ್ಳಬೇಕು, ಅಷ್ಟೆ. ಅದನ್ನು ಟೈಪ್ ಮಾಡಿ ತೋರಿಸುವುದು ನನ್ನ ಪಾಲಿನ ಕೆಲಸ. ನಾನು ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್ ಆದ್ದರಿಂದ ಮಾತಿನ ವೇಗಕ್ಕೆ ಕೈ ಓಡುತ್ತದೆ.

ಕಂಡಕಂಡ ಕಚೇರಿಗಳ ಕೀಬೋರ್ಡುಗಳನ್ನು ನಂಬಿ ಈ ಕೆಲಸ ಮಾಡಲಾಗುವುದಿಲ್ಲ. ಒಂದರಲ್ಲಿ ‘ಕ’ ಒತ್ತಿದರೆ ಬರುವುದಿಲ್ಲ, ಇನ್ನೊಂದರಲ್ಲಿ ಒತ್ತಿದರೆ ನಿಲ್ಲುವುದಿಲ್ಲ. ಅದಕ್ಕೇ ಈ ಮೆಕ್ಯಾನಿಕಲ್ ಕೀಬೋರ್ಡು ಕೊಂಡದ್ದು. ಬದಿಯ ಅಂಕಿಗಳ ಸಾಲು ಇಲ್ಲದ, ಚೀಲಕ್ಕೆ ಹಿಡಿಸುವ ಗಾತ್ರ. ವೈರಿಲ್ಲದೆ ಮೂರು ಯಂತ್ರಗಳಿಗೆ ಜೋಡಿಸಿಡಬಹುದು. ಒಂದು ಗುಂಡಿ ಒತ್ತಿದರೆ ಫೋನು, ಇನ್ನೊಂದು ಒತ್ತಿದರೆ ಲ್ಯಾಪ್‌ಟಾಪು. ಒತ್ತಿದ ಪ್ರತಿ ಅಕ್ಷರ ಟಕ್ಕೆಂದು ಸದ್ದು ಮಾಡುತ್ತದೆ, ಆದರೆ ಒಂದೂ ತಪ್ಪಿಸಿಕೊಳ್ಳುವುದಿಲ್ಲ.

ಮಳೆಗಾಲ ಮುಗಿದು ಬಿಸಿಲು ಬೆವರಿಳಿಸುವ ದಿನಗಳವು. ಈ ದಾರಿಯಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚು. ಸೀಟು ಸಿಕ್ಕಿದ ಕೂಡಲೇ ಕೀಬೋರ್ಡನ್ನು ತೊಡೆಯ ಮೇಲಿಟ್ಟು ಪ್ರಮೀಳಾಳ ಫೋನಿಗೆ ಜೋಡಿಸಿದೆ. ಸಿದ್ಧಕಟ್ಟೆಯಲ್ಲಿ ಹತ್ತಿದ ಇಬ್ಬರು ಹೆಂಗಸರು ಮುಂದಿನ ಸೀಟಿನಲ್ಲಿ ಕುಳಿತು ಏನೋ ಹೇಳಿಕೊಂಡು ನಗತೊಡಗಿದರು.

“ಅತ್ತಿಗೆ, ಎಂತ ಅಂತೆ?” ಎಂದಳು ಪ್ರಮೀಳಾ.

ಮದುವೆಮನೆಯಲ್ಲಿ ಮದುಮಗನ ಮಾವ ಬೇರೆಯವರ ಚಪ್ಪಲಿ ಹಾಕಿಕೊಂಡು ಹೋದ ಕತೆ. ಟೈಪ್ ಮಾಡಿದೆ. ಓದಿ, ಅವರಿಗಿಂತ ಜೋರಾಗಿ ನಕ್ಕಳು. ಹೆಂಗಸರು ಹಿಂತಿರುಗಿ ನೋಡಿ, ನನ್ನ ಬೆರಳುಗಳನ್ನು ನೋಡಿ, ವಿಷಯ ಗೊತ್ತಾದ ಮೇಲೆ ಉಳಿದ ಕತೆಯನ್ನು ನಿಧಾನವಾಗಿ ನಮ್ಮ ಕಡೆ ತಿರುಗಿಯೇ ಹೇಳಿದರು. ಯಾರೂ ಅನುಮತಿ ಪತ್ರ ಕೇಳಲಿಲ್ಲ.

ಅನುಮತಿ ಕೇಳಿದ್ದು ಮೂಡುಬಿದಿರೆಯ ಕಾಲೇಜಿನಲ್ಲಿ. ಹೆಸರು ಬೇಡ, ಆ ಊರಲ್ಲಿ ಕಾಲೇಜುಗಳಿಗೆ ಬರವಿಲ್ಲ. ಲೈಬ್ರರಿ ಸಹಾಯಕಿಯ ಕೆಲಸಕ್ಕೆ ಸಂದರ್ಶನ. ಪ್ರಮೀಳಾಳ ಕಿವಿಯ ವಿಷಯವನ್ನೂ ಕೀಬೋರ್ಡಿನ ವಿಷಯವನ್ನೂ ಮೊದಲೇ ಫೋನಿನಲ್ಲಿ ಹೇಳಿದ್ದೆ, ಉದ್ದ ಪ್ರಶ್ನೆಗಳಿಗೆ ಮೊಬೈಲಿನ ಸಣ್ಣ ಪರದೆ ಸಾಲದು ಎಂದೂ. “ಬನ್ನಿ, ಕಂಪ್ಯೂಟರ್ ಕೊಡುವ” ಎಂದಿದ್ದರು. ಹೋದರೆ, ಕಂಪ್ಯೂಟರ್ ನೋಡಿಕೊಳ್ಳುವವನು ಅಡ್ಡ ನಿಂತ.

“ಹೊರಗಿನ ಡಿವೈಸ್ ಹಾಕ್ಲಿಕ್ಕೆ ಇಲ್ಲ ಮೇಡಂ. ವೈರಸ್ ಬಂದ್ರೆ ನಾನು ಉತ್ತರ ಹೇಳ್ಬೇಕು.”

“ಇದು ಬರೀ ಕೀಬೋರ್ಡ್ ಮಾರಾಯ್ರೆ. ಇದರೊಳಗೆ ಎಂತ ವೈರಸ್ ಉಂಟು?”

“ರೂಲ್ಸ್ ಮೇಡಂ.”

ಕೊನೆಗೆ ಸಂದರ್ಶನ ಮಾಡುವವರಲ್ಲಿ ಒಬ್ಬರಾದ ಉಪನ್ಯಾಸಕಿ ತಮ್ಮ ಸ್ವಂತ ಲ್ಯಾಪ್‌ಟಾಪನ್ನು ಮುಂದೆ ತಳ್ಳಿದರು. ಕೀಬೋರ್ಡೇನೋ ಕೂಡಲೇ ಜೋಡಣೆಯಾಯಿತು, ಆದರೆ ಲ್ಯಾಪ್‌ಟಾಪಿನಲ್ಲಿ ಕನ್ನಡವೇ ಇರಲಿಲ್ಲ! ಹೊರಗಿನ ಪಡಸಾಲೆಯ ಗೋಡೆ ತುಂಬ ಕನ್ನಡಾಂಬೆಯ ಚಿತ್ರಗಳು, ಒಳಗೆ ಒಂದು ‘ಅ’ ಮೂಡಿಸಬೇಕಾದರೆ ನಾನೇ ಸೆಟ್ಟಿಂಗ್ಸ್ ಹುಡುಕಿ ಕನ್ನಡ ಸೇರಿಸಬೇಕು. ಸಂದರ್ಶನಕ್ಕೆ ಕುಳಿತಿದ್ದ ಇನ್ನೊಬ್ಬರು, ಕಾಲೇಜಿನ ಆಡಳಿತಾಧಿಕಾರಿಯವರು, ಗಡಿಯಾರ ನೋಡುತ್ತಿದ್ದರು, ತಡ ಮಾಡಿದ್ದು ನಾವು ಎನ್ನುವ ಹಾಗೆ.

ಅವರು ಪ್ರತಿ ಪ್ರಶ್ನೆಯನ್ನೂ ನನ್ನ ಮುಖ ನೋಡಿ ಕೇಳಿದರು. “ಇವರಿಗೆ ಎಷ್ಟು ಅನುಭವ ಉಂಟು?” “ಇವರಿಗೆ ಪುಸ್ತಕ ವಿಂಗಡಿಸ್ಲಿಕ್ಕೆ ಬರ್ತದಾ?” ಓದಿ ಉತ್ತರಿಸುತ್ತಿದ್ದದ್ದು ಪ್ರಮೀಳಾ. ಆದರೂ ಆ ಮನುಷ್ಯನ ಕಣ್ಣು ಅವಳ ಕಡೆ ಹೊರಳಲಿಲ್ಲ. ನಡುವೆ, “ಈ ಟಕಟಕ ತಲೆನೋವು ಮಾರಾಯ್ರೆ. ಈಗ ಮೊಬೈಲೇ ಬರ್ಕೊಳ್ತದಲ್ಲ?” ಎಂದು ತಮ್ಮ ಫೋನನ್ನು ತೆಗೆದು, “ಗ್ರಂಥಾಲಯದ ಅನುಭವ ಉಂಟಾ?” ಎಂದು ಅದಕ್ಕೆ ಹೇಳಿದರು. ಫೋನು ‘ಗಂಟಲಿನ ಅನುಭವ ಒಂಟೆ’ ಎಂದು ಬರೆಯಿತು. ಉಪನ್ಯಾಸಕಿ ನಗು ತಡೆದುಕೊಂಡರು. ಆಡಳಿತಾಧಿಕಾರಿ ಫೋನನ್ನು ಜೇಬಿಗಿಳಿಸಿದರು.

ಆಮೇಲೆ ಉಪನ್ಯಾಸಕಿಯ ಕಡೆಗೆ ಬಾಗಿ, ದನಿ ತಗ್ಗಿಸಿ ತುಳುವಿನಲ್ಲಿ ಹೇಳಿದರು: “ಇಂಥವರನ್ನು ಕೌಂಟರಲ್ಲಿ ಕೂರಿಸಿದ್ರೆ ಮಕ್ಕಳ ತಂದೆತಾಯಿ ಎಂತ ಹೇಳ್ತಾರೆ? ಕರೆಯಲಿಲ್ಲ ಅಂತ ದೂರು ಬರ್ಬಾರ್ದು, ಅದಕ್ಕೆ ಕರೆದದ್ದು.”

ನನ್ನ ಬೆರಳು ಒಂದು ಗಳಿಗೆ ನಿಂತಿತು. ಆ ಮನುಷ್ಯನ ತುಟಿಗಳು ಆಡಿದ್ದನ್ನು ಪ್ರಮೀಳಾ ಕಂಡಿದ್ದಳು. ಈಗ ನನ್ನನ್ನೇ ನೋಡುತ್ತಿದ್ದಳು. ಒಂದಕ್ಷರ ಬಿಡದೆ ಟೈಪ್ ಮಾಡಿದೆ.

ಅವಳು ಓದಿದಳು. ಕೈಗಳನ್ನು ಮಡಿಲಿಗೆಳೆದುಕೊಂಡಳು. “ದೂರು ಬರ್ಬಾರ್ದು ಅಂತ ಮಾತ್ರ ಕರೆದದ್ದಾ ಸರ್?”

ಅವರ ಮುಖ ಕೆಂಪಾಯಿತು. ಸಿಟ್ಟು ನನ್ನ ಮೇಲೆ. “ಅದನ್ನು ಯಾಕೆ ಟೈಪ್ ಮಾಡಿದ್ದು ನೀವು? ಅದು ಅವರಿಗೆ ಹೇಳಿದ್ದಲ್ಲ!”

“ಕಿವಿ ಇದ್ದಿದ್ರೆ ಅವಳಿಗೆ ಕೇಳ್ತಿತ್ತು ಸರ್,” ಎಂದೆ. “ಈ ಕೋಣೆಯಲ್ಲಿ ಆಡಿದ್ದೆಲ್ಲ ಅವಳಿಗೂ ಸೇರಿದ್ದೇ.”

“ತಿಳಿಸ್ತೇವೆ” ಎಂದರು. ಎದ್ದೆವು. ಉಪನ್ಯಾಸಕಿ ಬಾಗಿಲವರೆಗೆ ಬಂದರು, ಏನೂ ಹೇಳಲಿಲ್ಲ. ನನಗೆ ಅದೂ ಸಿಟ್ಟೇ ತರಿಸಿತು.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಗೋಳಿಬಜೆ ತರಿಸಿದೆ. ನನ್ನ ತಟ್ಟೆಯನ್ನೂ ಅವಳ ಕಡೆಗೆ ತಳ್ಳಿದೆ. ಪ್ರಮೀಳಾ ಎರಡೂ ತಟ್ಟೆ ಖಾಲಿ ಮಾಡಿ, “ಬೆಳ್ತಂಗಡಿಗೆ ಹೋಗ್ಲಿಕ್ಕೆ ಉಂಟಲ್ಲ. ಹಸಿದು ಹೋದ್ರೆ ಅಲ್ಲಿ ಜಗಳ ಆಗ್ತದೆ” ಎಂದಳು.

ವೇಣೂರಿನ ಮೇಲಾಗಿ ಗುರುವಾಯನಕೆರೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಬೆಳ್ತಂಗಡಿ. ಕೆಲವರು ಸೇರಿ ನಡೆಸುವ ಸಣ್ಣ ವಾಚನಾಲಯವೊಂದಕ್ಕೆ ನೋಡಿಕೊಳ್ಳುವವರು ಬೇಕಾಗಿದ್ದರು. ಅದರ ಅಧ್ಯಕ್ಷರು ಅಡಿಕೆ ವ್ಯಾಪಾರದ ಜೈನರು, ಅರುವತ್ತು ದಾಟಿದವರು. ಅಲ್ಲಿನ ಕಂಪ್ಯೂಟರು ತೀರಾ ಹಳೆಯದು, ವೈರಿಲ್ಲದೆ ಏನನ್ನೂ ಹಿಡಿಯುತ್ತಿರಲಿಲ್ಲ. ಚಾರ್ಜಿನ ವೈರನ್ನೇ ಸಿಕ್ಕಿಸಿದೆ, ಕೀಬೋರ್ಡು ಕೆಲಸಕ್ಕಿಳಿಯಿತು. ಕನ್ನಡ ಅದರಲ್ಲಿ ಮೊದಲೇ ಇತ್ತು.

ಅವರೂ ಮೊದಲು ಕೇಳಿದ್ದು ನನ್ನನ್ನೇ: “ಇವರು ಒಬ್ರೇ ಇರ್ತಾರಾ ಇಲ್ಲಿ?”

ನನ್ನ ಮೈ ಉರಿಯಿತು. ಪ್ರಮೀಳಾಳೇ ಹೇಳಿದಳು: “ನನ್ನನ್ನು ನೋಡಿ ಕೇಳಿ ಸರ್. ಉತ್ತರ ನನ್ನ ಹತ್ರ ಉಂಟು.”

ಅವರು ತಬ್ಬಿಬ್ಬಾದರು. ನಂತರ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದರು. “ತಪ್ಪಾಯ್ತು. ಮಕ್ಕಳು ಬಂದು ಪುಸ್ತಕ ಕೇಳಿದ್ರೆ ಎಂತ ಮಾಡ್ತೀರಿ?”

“ಬರೆದು ತೋರಿಸ್ಲಿ. ಬರೆಯಲಿಕ್ಕೆ ಬಾರದ ಮಗು ಬಂದ್ರೆ ಕೈ ಹಿಡಿದು ಕಪಾಟಿನ ಹತ್ರವೇ ಕರ್ಕೊಂಡು ಹೋಗ್ತೇನೆ.”

“ಅವು ಗಲಾಟೆ ಮಾಡಿದ್ರೆ?”

“ಗಲಾಟೆಗೆ ಸಿಟ್ಟು ಮಾಡದೆ ಇರುವವಳು ಇಡೀ ಊರಲ್ಲಿ ನಾನೊಬ್ಳೇ.”

ಅವರು ನಕ್ಕರು. ಸುಲಭಕ್ಕೆ ಬಿಡಲಿಲ್ಲ. ಗೆದ್ದಲು, ಕಳೆದ ಪುಸ್ತಕ, ವಾಪಸು ಕೊಡದವರು, ಎಲ್ಲ ಕೇಳಿದರು. ಕಡೆಗೆ, “ನಾನೇ ಹೊಡೀಬಹುದಾ ಇದ್ರಲ್ಲಿ?” ಎಂದು ಕೀಬೋರ್ಡನ್ನು ತಮ್ಮ ಕಡೆಗೆ ಎಳೆದುಕೊಂಡರು. ಇಂಗ್ಲಿಷ್ ಅಕ್ಷರ ಹೊಡೆದರೆ ಕನ್ನಡ ಬರುವಂತೆ ಬದಲಿಸಿಕೊಟ್ಟೆ. ಒಂದೇ ಬೆರಳಿನಲ್ಲಿ, ಒಂದೊಂದು ಗುಂಡಿಗೂ ಹುಡುಕಾಡಿ, ‘ಸೊಮವಾರದಿನ್ದ ಬನ್ನಿ’ ಎಂದು ಹೊಡೆದರು. ಪ್ರಮೀಳಾ ತಪ್ಪು ತಿದ್ದಲಿಲ್ಲ. ಎರಡು ಸಲ ಓದಿ, ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹಿಂದಿರುಗುವ ಬಸ್ಸು ಮಡಂತ್ಯಾರು ದಾಟುವಾಗ ನನ್ನ ಫೋನು ಸದ್ದು ಮಾಡಿತು. ಮೂಡುಬಿದಿರೆಯ ಆಡಳಿತಾಧಿಕಾರಿ.

“ನಿಮ್ಮ ನಾದಿನಿಗೆ ಹೇಳಿ, ಕೆಲಸ ಕೊಡುವ. ಕೌಂಟರಲ್ಲಿ ಅಲ್ಲ, ಹಿಂದಿನ ಕೋಣೆಯಲ್ಲಿ ಪುಸ್ತಕಕ್ಕೆ ಚೀಟಿ ಅಂಟಿಸುದು. ನೀವು ಆ ಕೀಬೋರ್ಡ್ ತರುದು ಬೇಡ. ಮತ್ತೆ, ಇವತ್ತಿನ ಮಾತು ಹೊರಗೆ ಹೋಗುದು ಬೇಡ.”

ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿ ಹಿಡಿದು, ಹೇಳಿದ್ದನ್ನು ಹೇಳಿದ ಹಾಗೆಯೇ ಕೀಬೋರ್ಡಿನಿಂದ ಅವಳ ಫೋನಿನ ಪರದೆಗೆ ಹೊಡೆದೆ. ಪಕ್ಕದವರು ಸದ್ದಿಗೆ ತಿರುಗಿ ನೋಡಿದರು. ನೋಡಲಿ ಎಂದು ಇನ್ನಷ್ಟು ಗಟ್ಟಿಯಾಗಿಯೇ ಹೊಡೆದೆ.

ಪ್ರಮೀಳಾ ಓದಿ, ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಕೇಳಿಸದ ಫೋನನ್ನು ಬಾಯಿಯ ಹತ್ತಿರ ಹಿಡಿದು, ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು: “ಸರ್, ನಾನು ಪ್ರಮೀಳಾ ಮಾತಾಡುದು. ನನಗೆ ಬೆಳ್ತಂಗಡಿಯಲ್ಲಿ ಕೆಲಸ ಆಗಿದೆ. ನಿಮ್ಮ ಹಿಂದಿನ ಕೋಣೆ ನನಗೆ ಬೇಡ. ನೀವು ಹೇಳಿದ ಮಾತು, ಯಾರಿಗೆ ಹೇಳ್ಬೇಕು ಅಂತ ನನಗೆ ಕಾಣ್ತದೋ ಅವರಿಗೆಲ್ಲ ಹೇಳ್ತೇನೆ.”

ಕರೆ ಕತ್ತರಿಸಿ ಫೋನನ್ನು ನನಗೆ ಕೊಟ್ಟಳು. ಆಚೆಯಿಂದ ಉತ್ತರ ಬಂದಿತ್ತೋ ಇಲ್ಲವೋ, ನನಗೂ ಕೇಳಿಸಲಿಲ್ಲ.