ಎಲೋನಮ್ಮನ ಕಡೆಯವಳು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ನಂಬುವವರನ್ನು ಕಂಡರೆ ನಗುತ್ತಿದ್ದವಳು. ಅಜ್ಜಂಪುರದ ನಮ್ಮ ಮನೆಯಲ್ಲಿ ಒಬ್ಬ ಸೋದರತ್ತೆ ಇದ್ದಳು. ಆಗೀಗ ಅವಳಿಗೆ ಮೈಮೇಲೆ ದೇವರು ಬರುತ್ತಿತ್ತು. ಬಂದಾಗಲೆಲ್ಲ ಅದು ಹೋಳಿಗೆಯನ್ನೇ ಕೇಳುತ್ತಿತ್ತು, ಅಪ್ಪಿತಪ್ಪಿ ಒಂದು ದಿನವೂ ರಾಗಿ ಮುದ್ದೆ ಕೇಳಿದ್ದಿಲ್ಲ. "ಈ ದೇವ್ರಿಗೆ ನಾಲ್ಗೆ ಚಪಲ ಜಾಸ್ತಿ ಕಣವ್ವ" ಎಂದರೆ ಅವ್ವ ನನ್ನ ತಲೆಗೆ ಮೊಟಕುತ್ತಿದ್ದಳು. ಬುಕ್ಕಾಂಬುಧಿ ಕೆರೆ ಏರಿಯ ಮೇಲೆ ಮಟಮಟ ಮಧ್ಯಾಹ್ನ ಒಂಟಿಯಾಗಿ ಹೋದರೆ ಯಾರೋ ಹೆಸರು ಹಿಡಿದು ಕೂಗುತ್ತಾರೆ ಎಂದು ಹೇಳುತ್ತಿದ್ದರು. ನಾನು ಬೇಕೆಂದೇ ಹೋಗಿ ಬಂದೆ. ಯಾರೂ ಕೂಗಲಿಲ್ಲ. ಬಿಸಿಲಿಗೆ ತಲೆನೋವು ಬಂತು, ಅಷ್ಟೆ.

ಹಾಗಾಗಿ ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೂ ನಂಬುತ್ತಿರಲಿಲ್ಲ. ಆದರೆ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ, ಉಪ್ಪು ಖಾರ ಹಚ್ಚುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ತರೀಕೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಒಂದು ತಂತಿಯನ್ನು ಇಲ್ಲಿಂದ ಕಿತ್ತು ಅಲ್ಲಿಗೆ ಚುಚ್ಚಿ, ಮಂಡಿಯವರನ್ನು ಶಿವಮೊಗ್ಗಕ್ಕೂ ಕೊಬ್ಬರಿ ವ್ಯಾಪಾರದವರನ್ನು ಕಡೂರಿಗೂ ಸೇರಿಸುವುದು ನನ್ನ ಕೆಲಸ. ನನಗೆ ಬರುತ್ತಿದ್ದ ಇಂಗ್ಲಿಷ್ ಎಂದರೆ "ನಂಬರ್ ಪ್ಲೀಸ್", "ಲೈನ್ ಎಂಗೇಜ್", "ತ್ರೀ ಮಿನಿಟ್ಸ್ ಓವರ್". ಅದರಾಚೆಗೆ ಹೈಸ್ಕೂಲಿನಲ್ಲಿ ಉರು ಹೊಡೆದ ಒಂದೆರಡು ಪಾಠ. ಊರಿನವರ ಲೆಕ್ಕ ಮಾತ್ರ ಬೇರೆ ಇತ್ತು. ಹೊತ್ತು ಮೂಡಿ ಮುಳುಗುವವರೆಗೆ ಬೊಂಬಾಯಿ, ಮದರಾಸು ಎಂದು ಮಾತಾಡುವವಳಿಗೆ ಬಾರದ ಭಾಷೆ ಯಾವುದಿದ್ದೀತು? ನಾನೂ ಬೇಡವೆನ್ನಲು ಹೋಗಿರಲಿಲ್ಲ. ಬಿಟ್ಟಿ ಸಿಕ್ಕ ಮರ್ಯಾದೆಯನ್ನು ಯಾರು ಒದೆಯುತ್ತಾರೆ ಹೇಳಿ.

ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಹೊರಗೆ ಬಂದರೆ ಬಾಗಿಲಲ್ಲೇ ಜೀಪು. ಅದರ ಡ್ರೈವರ್ ರುದ್ರಪ್ಪ ಲಕ್ಕವಳ್ಳಿಯವನು, ಫೋನ್ ಮಾಡಲು ಬಂದು ಹೋಗಿ ಪರಿಚಯ. ಲಕ್ಕವಳ್ಳಿಯ ಡ್ಯಾಮಿನಲ್ಲಿ ಯಾವುದೋ ಮೆಷಿನ್ ಕೂರಿಸಲು ಹಂಗೇರಿ ದೇಶದ ಒಬ್ಬ ಎಂಜಿನಿಯರು ಹೆಂಡತಿ ಸಮೇತ ಬಂದಿದ್ದರು. ಇವನು ಅವರ ಗಾಡಿ ಓಡಿಸುತ್ತಿದ್ದ.

"ಅಕ್ಕಾರೇ, ಒಸಿ ಆಸ್ಪತ್ರೆಗೆ ಬನ್ನಿ. ಆ ಫಾರಿನ್ನಮ್ಮನ್ನ ಕರ್ಕಂಡ್ ಬಂದಿದೀನಿ. ಹೆಬ್ಬೆ ಫಾಲ್ಸ್ ನೋಡಕ್ ಹೋದಾಗ ಬಂಡೆ ಮೇಲೆ ಜಾರಿ ಮಂಡಿ ಒಡ್ಕಂಡಿದ್ರು. ಯಾರ್ಗೂ ಹೇಳ್ದೆ ಬಟ್ಟೆ ಸುತ್ಕಂಡ್ ಕೂತವ್ರೆ. ಈಗ ಕಾಲು ಕುಂಬ್ಳಕಾಯಿ ಆಗೈತೆ, ಜ್ವರ ಬೆಂಕಿ ಬೆಂಕಿ. ಸಾಹೇಬ್ರು ನೋಡಿದ್ರೆ ಮೆಷಿನ್ ಪಾರ್ಟ್ ತರಕ್ಕೆ ಬೆಂಗ್ಳೂರಿಗೆ ಹೋಗವ್ರೆ."

"ನಾನು ಬಂದು ಏನು ಮಾಡ್ಲಪ್ಪಾ?"

"ಅವ್ರಿಗೆ ಇಂಗ್ಲಿಷ್ ಬರಲ್ಲ. ಅವ್ರ ಭಾಷೇಲಿ ನೀವೇ ಮಾತಾಡ್ಬೇಕು."

ಇಂಗ್ಲಿಷೇ ಬಾರದವರ ಭಾಷೆ ನನಗೆ ಹೇಗೆ ಬರುತ್ತದೆ ಮಾರಾಯ ಎಂದರೆ ಅವನು ಕೇಳಿಸಿಕೊಳ್ಳಲೇ ಇಲ್ಲ. ಸಾಹೇಬರು ಇಳಿದಿದ್ದ ಬೆಂಗಳೂರಿನ ಗೆಸ್ಟ್‌ಹೌಸಿನ ನಂಬರನ್ನು ಅವನಿಂದ ಇಸಿದುಕೊಂಡು, ಒಳಗಿದ್ದ ನನ್ನ ಜೊತೆಯವಳಿಗೆ ಕೊಟ್ಟು, ಆ ಸಾಹೇಬರಿಗೆ ಅರ್ಜೆಂಟ್ ಟ್ರಂಕ್ ಕಾಲ್ ಹಾಕು ಎಂದು ಹೇಳಿ ಜೀಪು ಹತ್ತಿದೆ.

ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದವರಿಗೆ ಗೊತ್ತು, ಅಲ್ಲಿ ಮೊದಲು ಕೇಳುವುದು ಏನು ಕಾಯಿಲೆ ಎಂದಲ್ಲ, ನಿಮ್ಮ ಕಡೆಯವರು ಯಾರು ಎಂದು. ಚೀಟಿ ಮಾಡಿಸಲು, ಬಿಸಿನೀರು ತರಲು, ಔಷಧಿಗೆ ಮನೆಯಿಂದ ಖಾಲಿ ಬಾಟಲಿ ತೊಳೆದು ತರಲು, ಹಾಸಿಗೆಯ ಪಕ್ಕ ಕೂರಲು ಒಬ್ಬರು ಬೇಕೇ ಬೇಕು. ಆ ಹೆಂಗಸು ಹೆಣ್ಣುಮಕ್ಕಳ ವಾರ್ಡಿನ ಮೂಲೆಯ ಮಂಚದ ಮೇಲೆ ಕೂತಿದ್ದಳು. ಇನ್ನೂ ಚಿಕ್ಕ ವಯಸ್ಸು, ಮುಖ ಕೆಂಪಗೆ ಸುಟ್ಟಿತ್ತು. ಕೈಯಲ್ಲಿ ನೋಟುಗಳನ್ನು ಹಿಡಿದುಕೊಂಡು ಎದುರಿಗೆ ಬಂದವರಿಗೆಲ್ಲ ಚಾಚುತ್ತಿದ್ದಳು. ನರ್ಸಮ್ಮನಿಗೆ ಕೊಡಲು ಹೋದಳು, ಅವಳು ಬೇಡವೆಂದಳು. ಪಕ್ಕದ ಮಂಚದ ಬಾಣಂತಿಯನ್ನು ನೋಡಲು ಬಂದಿದ್ದ ಗಂಡನಿಗೂ ಕೊಡಲು ಹೋದಳು. ಅವನು ಹೆದರಿ ಟವೆಲ್ ಕೊಡವಿಕೊಂಡು ಹೊರಗೇ ಹೋದ. ಬೇಡ ಎಂದಷ್ಟೂ ಅವಳಿಗೆ ಗಾಬರಿ ಹೆಚ್ಚುತ್ತಿತ್ತು. ಪರದೇಶದವರಿಗೆ ಇಲ್ಲಿ ಏನು ದರವೋ, ಕೊಟ್ಟರೂ ಮುಟ್ಟುತ್ತಿಲ್ಲವಲ್ಲ, ಇವರು ನನ್ನ ಆಸೆ ಬಿಟ್ಟರು ಎಂದುಕೊಂಡಿರಬೇಕು.

ಆಯಾ ಗಂಗಮ್ಮ ನನ್ನನ್ನು ಕಂಡವಳೇ, "ಸದ್ಯ, ಇವ್ರ ಕಡೆಯೋರು ಬಂದ್ರು!" ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ಕೂಗಿದಳು. ಅಲ್ಲಿಗೆ ಮುಗಿಯಿತು, ನಾನು ಅವಳ ಕಡೆಯವಳಾದೆ. ಹೆಸರು ಇಲೋನಾ ಎಂದು ರುದ್ರಪ್ಪ ಹೇಳಿದ. ಚೀಟಿ ಬರೆಯುವವರು ಬರಿ ಹೆಸರು ಬರೆದರೆ ಮರ್ಯಾದೆಯಲ್ಲವೆಂದು ಎಲೋನಮ್ಮ ಎಂದು ಬರೆದರು. ನಾನು ಆ ನೋಟುಗಳನ್ನು ಮಡಚಿ ಅವಳ ಚೀಲದೊಳಗೇ ತುರುಕಿದೆ. ಬಾಯಲ್ಲಿದ್ದ ಇಂಗ್ಲಿಷ್ ಎಲ್ಲ ಖರ್ಚಾಯಿತು. ಅವಳು ಎಲ್ಲದಕ್ಕೂ ಒಂದೇ ಸಮ ತಲೆಯಾಡಿಸಿದಳು. ಆಮೇಲೆ ಅವಳ ಭಾಷೆಯಲ್ಲಿ ಏನೇನೋ ಹೇಳಿದಳು, ನಾನೂ ತಲೆಯಾಡಿಸಿದೆ.

ಡಾಕ್ಟರು ಬಂದು ಗಾಯ ನೋಡಿ ಮುಖ ಗಂಟು ಹಾಕಿದರು. "ಕೀವಾಗಿದೆ. ಬಿಟ್ಟರೆ ಮೇಲಕ್ಕೆ ಏರುತ್ತೆ. ಯಾವ್ದಾದ್ರೂ ಇಂಜೆಕ್ಷನ್ ಆಗಿಬರಲ್ವಾ ಕೇಳಿ" ಎಂದರು. ನಾನು ಕೇಳಿದ್ದಕ್ಕೆ ಅವಳು ಮತ್ತೆ ತಲೆಯಾಡಿಸಿದಳು. ಅದು ಹೌದೋ ಅಲ್ಲವೋ ಆ ಶಿವನಿಗೇ ಗೊತ್ತು. ಡಾಕ್ಟರು, "ಪೆನ್ಸಿಲಿನ್ ಕೊಡಿ, ಮೊದ್ಲು ಚರ್ಮಕ್ಕೆ ಒಂಚೂರು ಹಾಕಿ ನೋಡೋಣ" ಎಂದು ನರ್ಸಮ್ಮನಿಗೆ ಹೇಳಿದರು. ಕುದಿಸಿದ ಸಿರಿಂಜಿಗೆ ಔಷಧಿ ಏರಿತು.

ಆಗ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಬಳೆ ಒತ್ತಿ ನೋವಾಯಿತು. ಒಂದೇ ಉಸಿರಿಗೆ ಮಾತಾಡತೊಡಗಿದಳು. ಟ್ರಂಕ್ ಲೈನಿನಲ್ಲಿ ಬರಿ ಗೊರಗೊರ ಸದ್ದು ಬರುತ್ತಿರುತ್ತದೆ, ಇದ್ದಕ್ಕಿದ್ದಂತೆ ಲೈನ್ ತಿಳಿಯಾಗಿ ಆ ಕಡೆಯವರು ಪಕ್ಕದಲ್ಲೇ ಕೂತ ಹಾಗೆ ಕೇಳುತ್ತಾರೆ. ಹಾಗಾಯಿತು. ಅವಳ ತುಟಿ ಆಡುತ್ತಿದ್ದುದು ಅವಳ ಭಾಷೆಯನ್ನೇ, ಅದನ್ನು ನಾನು ಕಣ್ಣಾರೆ ನೋಡುತ್ತಿದ್ದೆ. ನನ್ನ ಕಿವಿಗೆ ಬಿದ್ದದ್ದು ಇದು:

"ಆ ಸೂಜಿ ಬ್ಯಾಡ ಕಣಕ್ಕ. ಚಿಕ್ಕೋಳಿದ್ದಾಗ ಅದನ್ನ ಹಾಕುದ್ರು, ಗಂಟ್ಲು ಕಟ್ಕಂಡು ಉಸ್ರೇ ನಿಂತೋಯ್ತು. ಸತ್ತೋದ್ಲು ಅಂತ ಬಿಳೀ ಬಟ್ಟೆ ಹೊದಿಸ್ಬಿಟ್ಟಿದ್ರು. ನಮ್ಮಜ್ಜಿ ಬಟ್ಟೆ ಎತ್ತಿ ನೋಡಿದ್ಕೆ ಬದುಕ್ದೆ."

ಅಜ್ಜಂಪುರದ ಸಂತೆಯಲ್ಲಿ ನಮ್ಮ ಹೆಂಗಸರು ಆಡುವ ಮಾತು. ಅದೇ ರಾಗ, ಅದೇ ಎಳೆತ. ನನಗೆ ಆ ಗಳಿಗೆಯಲ್ಲಿ ಆಶ್ಚರ್ಯವೂ ಆಗಲಿಲ್ಲ ನೋಡಿ, ಅದೇ ಈಗ ಆಶ್ಚರ್ಯ. ಅವಳ ತಲೆ ಸವರಿ, "ಸುಮ್ನಿರು ಪುಟ್ಟೀ, ನಾನ್ ಹೇಳ್ತೀನಿ. ಹಾಕಕ್ ಬಿಡಲ್ಲ" ಎಂದೆ. ಆಮೇಲೆ ಡಾಕ್ಟರ ಕಡೆ ತಿರುಗಿ, ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದೆ.

ಡಾಕ್ಟರು ಸಿರಿಂಜು ಹಿಡಿದುಕೊಂಡೇ ನನ್ನನ್ನು ನೋಡಿದರು. "ನೋಡೀಮ್ಮಾ, ಸರಿಯಾಗಿ ಯೋಚ್ನೆ ಮಾಡಿ ಹೇಳಿ. ಸದ್ಯಕ್ಕೆ ನನ್ನ ಕೈಲಿರೋದ್ರಲ್ಲಿ ಇದೇ ಗಟ್ಟಿ ಔಷಧಿ. ಬೇರೆ ಮಾತ್ರೆ ಕೊಟ್ಟು ಅದು ಹಿಡೀಲಿಲ್ಲ ಅಂದ್ರೆ ಕಾಲು ಹೋಗ್ಬಹುದು, ಅದಕ್ಕಿಂತ ಹೆಚ್ಚೂ ಆಗ್ಬಹುದು. ಆಕೆ ಹೇಳಿದ್ದು ಇದೇನಾ?"

"ಇದೇ ಸಾರ್" ಎಂದೆ.

ಅವರು ಸಿರಿಂಜು ಕೆಳಗಿಟ್ಟರು. ಗಾಯ ಕೊಯ್ದು ಕೀವು ತೆಗೆದು, ಕಟ್ಟು ಕಟ್ಟಿ, ಬೇರೆ ಮಾತ್ರೆ ಬರೆದುಕೊಟ್ಟು ಹೋದರು.

ನಾನು ಮಂಚದ ಬಳಿ ಕೂತು, "ಈಗ ಹೆಂಗಿದೀಯವ್ವ?" ಎಂದೆ. ಅವಳು ಏನೋ ಹೇಳಿದಳು. ಒಂದಕ್ಷರ ತಿಳಿಯಲಿಲ್ಲ. ಮತ್ತೆ ಹೇಳಿದಳು. ಬರಿ ಸದ್ದು. ಅಯ್ಯೋ ಶಿವನೇ, ನಾನು ಮಾಡಿದ್ದೇನು? ಬಾರದ ಭಾಷೆಯನ್ನು ಬಂತು ಎಂದು ಹೇಳಿ, ದಕ್ಕಬೇಕಾದ ಔಷಧಿಯನ್ನು ತಪ್ಪಿಸಿಬಿಟ್ಟೆನೇ? ಡಾಕ್ಟರ ಹಿಂದೆ ಓಡಿಹೋಗಿ ಹೇಳಿಬಿಡಲೇ ಎಂದು ಎದ್ದೆ. ಬಾಗಿಲವರೆಗೂ ಹೋದೆ. ಆದರೆ ಆ ಬಿಳೀ ಬಟ್ಟೆಯ ಮಾತು ಕಿವಿಯಲ್ಲೇ ಇತ್ತು. ತಿರುಗಿ ಬಂದು ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದು ಅದೊಂದೇ ಸಲ.

ಸಂಜೆಗೆ ಜ್ವರ ಇನ್ನೂ ಏರಿತು. ನನ್ನ ಬಾಡಿಗೆ ಕೋಣೆಗೆ ಓಡಿ, ತಲೆಗೆ ಹಚ್ಚುವ ಎಣ್ಣೆ ಬಾಟಲಿಯನ್ನು ಸೀಗೆಪುಡಿ ಹಾಕಿ ತೊಳೆದು ತಂದು ಕೆಂಪು ಔಷಧಿ ಹಾಕಿಸಿಕೊಂಡೆ. ಗಂಜಿ ಕಾಯಿಸಿ ತಂದು ಕುಡಿಸಿದೆ. ಹಣೆಗೆ ತಣ್ಣೀರು ಬಟ್ಟೆ ಹಾಕುತ್ತಾ ಸುಮ್ಮನೆ ಕೂರಲಾಗದೆ ಬಾಯಿಗೆ ಬಂದದ್ದೆಲ್ಲ ಹೇಳಿದೆ. ಸೋದರತ್ತೆಯ ದೇವರು, ಅದರ ಹೋಳಿಗೆ ಹುಚ್ಚು, ಎಲ್ಲ. ಅವಳು ನಕ್ಕಳು. ನಾನು ನಕ್ಕಿದ್ದು ನೋಡಿ ನಕ್ಕಳು ಎಂದುಕೊಂಡೆ. ಆಮೇಲೆ ನನ್ನ ಸೆರಗು ಹಿಡಿದುಕೊಂಡೇ ನಿದ್ದೆ ಹೋದಳು.

ಬೆಳಗ್ಗೆ ಹಣೆ ಮುಟ್ಟಿದರೆ ಬೆವರಿತ್ತು. ಜ್ವರ ಇಳಿದಿತ್ತು. ಡಾಕ್ಟರು ಕಟ್ಟು ಬಿಚ್ಚಿ ನೋಡಿ, "ಪರ್ವಾಗಿಲ್ಲ, ಮಾತ್ರೆ ಹಿಡಿದಿದೆ" ಎಂದಾಗ ನಾನು ಮೂಲೆಗೆ ಹೋಗಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಗಂಗಮ್ಮ, "ಅಳ್ಬ್ಯಾಡಿ, ಈಗ ಹಬ್ಬ ಮಾಡಿ" ಎಂದು ನಗಿಸಿದಳು.

ಮಧ್ಯಾಹ್ನದ ಹೊತ್ತಿಗೆ ಗಂಡ ಬಂದ. ಆರಡಿ ಮೀರಿದ ಆಳು, ಗಡ್ಡ ಕೆದರಿತ್ತು. ಹೆಂಡತಿಯ ಹತ್ತಿರ ಮಾತಾಡುವ ಮೊದಲೇ ಡಾಕ್ಟರ ಬಳಿ ಓಡಿ ಮುರುಕು ಇಂಗ್ಲಿಷಿನಲ್ಲಿ, "ಪೆನ್ಸಿಲಿನ್ ಕೊಡಬೇಡಿ, ಕೊಡಬೇಡಿ" ಎಂದ. ಚಿಕ್ಕವಳಿದ್ದಾಗ ಅದರಿಂದ ಸಾಯುವ ಹಾಗಾಗಿದ್ದಳಂತೆ. ಹೋದಳು ಎಂದೇ ಬಟ್ಟೆ ಮುಚ್ಚಿದ್ದರಂತೆ. ಅಜ್ಜಿ ಬಟ್ಟೆ ಸರಿಸಿ ನೋಡಿದಾಗ ಎದೆ ಆಡುತ್ತಿತ್ತಂತೆ. ಅಷ್ಟನ್ನೂ ನನಗೆ ಕನ್ನಡದಲ್ಲಿ ಹೇಳಿ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಇಂಥವರಿಗೆ ಪರೀಕ್ಷೆಗೆ ಹಾಕೋ ಒಂದು ಹನಿಯೂ ಸಾಕಮ್ಮಾ" ಎಂದು ನನಗೆ ಮೆಲ್ಲಗೆ ಹೇಳಿದರು.

ಆತ ಬಿಲ್ಲು ಎಷ್ಟು ಎಂದು ಪರ್ಸು ತೆಗೆದ. ಇಲ್ಲಿ ಬಿಲ್ಲಿಲ್ಲ ಎಂದರು ಡಾಕ್ಟರು. ಆತ ನಂಬಲಿಲ್ಲ, ಮತ್ತೆ ಕೇಳಿದ. ಗಂಗಮ್ಮ ಹಿಂದಿನಿಂದ, "ಅಷ್ಟೊಂದು ಆಸೆ ಇದ್ರೆ ನಮ್ಗೆಲ್ಲ ಕಾಫಿ ಕುಡಿಸ್ಲಿ ಬಿಡಿ ಸಾರ್" ಎಂದಳು. ವಾರ್ಡಿನ ಪೂರ್ತಿ ಜನಕ್ಕೆ ಹೋಟೆಲಿನಿಂದ ಕಾಫಿ ಬಂತು, ಬಾಣಂತಿಯ ಗಂಡನಿಗೂ.

ಊರಿನವರಿಗೆ ಇದರಲ್ಲಿ ವಿಚಿತ್ರವೇ ಕಾಣಲಿಲ್ಲ. ಎಕ್ಸ್‌ಚೇಂಜಿನವಳಿಗೆ ಭಾಷೆ ಬರುತ್ತದೆ, ಹೇಳಿದಳು, ಮುಗಿಯಿತು. ಆಮೇಲೆ ಕೆಮ್ಮಣ್ಣುಗುಂಡಿಗೆ ಹೋಗುವ ಯಾವ ಪರದೇಶಿ ದಾರಿ ತಪ್ಪಿದರೂ ನನಗೇ ಕರೆ. ನಾನೂ ಹೋಗಿ ಕಿವಿಗೊಟ್ಟು ನಿಲ್ಲುತ್ತಿದ್ದೆ. ಮತ್ತೊಮ್ಮೆ ಆ ಲೈನ್ ಸಿಗಲೇ ಇಲ್ಲ. ಅವ್ವನಿಗೆ ಹೇಳಿದರೆ, "ನಿನ್ ಮೈಮೇಲೆ ಯಾರೋ ಬಂದಿದ್ರು ಕಣೇ" ಎಂದಳು. ಸೋದರತ್ತೆಗೆ ಖುಷಿಯೋ ಖುಷಿ. ಭಾಷೆ ಬಾರದೆಯೇ ಕೇಳಿಸಿದ್ದನ್ನು ಹೇಳಿಕೊಂಡಾಗ ಡಾಕ್ಟರು ಮಾತ್ರ ಸಮಾಧಾನದ ದಾರಿ ತೋರಿಸಿದರು. ಪೆನ್ಸಿಲಿನ್ ಎನ್ನುವ ಮಾತು ಎಲ್ಲ ಭಾಷೆಯಲ್ಲೂ ಅದೇ, ಅವಳ ಬಾಯಲ್ಲಿ ಅದು ಬಂದಿರಬೇಕು, ಉಳಿದದ್ದನ್ನು ಅವಳ ಮುಖ, ಕೈಸನ್ನೆ ನೋಡಿ ನೀವೇ ಊಹಿಸಿದಿರಿ ಎಂದರು. ಬಿಳೀ ಬಟ್ಟೆಯನ್ನೂ ಅಜ್ಜಿಯನ್ನೂ ಸನ್ನೆಯಲ್ಲಿ ಊಹಿಸುವುದು ಕಷ್ಟ, ಆದರೂ ನಾನು ಅದನ್ನೇ ಒಪ್ಪಿಕೊಂಡು ಹಾಯಾಗಿ ಇದ್ದುಬಿಡುತ್ತಿದ್ದೆ.

ಆದರೆ ಅವರು ಹೊರಡುವ ದಿನ ನಡೆದದ್ದನ್ನು ನಾನು ಡಾಕ್ಟರಿಗೂ ಹೇಳಿಲ್ಲ. ಅವಳು ಕುಂಟುತ್ತಾ ಎಕ್ಸ್‌ಚೇಂಜಿಗೇ ಬಂದು ನನ್ನನ್ನು ತಬ್ಬಿಕೊಂಡಳು. ಗಂಡ ಪಕ್ಕದಲ್ಲಿ ನಿಂತು, ನನಗೆ ತಿಳಿಯುವ ಹಾಗೆ ಒಂದೊಂದೇ ಇಂಗ್ಲಿಷ್ ಮಾತು ಬಿಡಿಸಿ ಬಿಡಿಸಿ, ನಮ್ಮ ಭಾಷೆಯನ್ನು ಎಲ್ಲಿ ಕಲಿತಿರಿ ಎಂದು ಕೇಳಿದ. ನಾನು ಕಲಿತೇ ಇಲ್ಲ ಎಂದೆ. ಅವನು ನಕ್ಕು ತಲೆಯಲ್ಲಾಡಿಸಿದ. ಅದೂ ನಾನು ಆಡಿದ್ದು ಪಟ್ಟಣದವರ ಮಾತಲ್ಲವಂತೆ, ಇವಳ ಹಳ್ಳಿಯಲ್ಲಿ ಮುದುಕಿಯರು ಆಡುವ ಮಾತಂತೆ. ಅಜ್ಜಿ ಕರೆಯುತ್ತಿದ್ದ ಮುದ್ದಿನ ಹೆಸರಿನಿಂದಲೇ ಕರೆದು, ಸುಮ್ಮನಿರು, ಆ ಸೂಜಿ ಹಾಕಲು ಬಿಡುವುದಿಲ್ಲ ಎಂದೆನಂತೆ. ಅದು ಕೇಳಿದ ಮೇಲೇ ಇವಳಿಗೆ ಬದುಕುತ್ತೇನೆ ಎನ್ನುವ ಧೈರ್ಯ ಬಂತಂತೆ.

ಅವಳು ಏನೋ ಹೇಳಿ ಅವನ ತೋಳು ಜಗ್ಗಿದಳು. ಅವನು ಅದನ್ನೂ ಹೇಳಿದ. "ಬರಿ ಸಿಹಿಯನ್ನೇ ಕೇಳುವ ದೇವರಿದೆಯಂತಲ್ಲ, ನಿಮ್ಮತ್ತೆಯದು. ಆ ಕಥೆಗೆ ಇವಳು ಈಗಲೂ ನಗುತ್ತಾಳೆ."

ಜೀಪು ಹೋಗುವವರೆಗೂ ಕೈ ಬೀಸಿದೆ. ಇಷ್ಟು ವರ್ಷವಾದರೂ ನನಗೆ ಇದರ ತಲೆಬುಡ ತಿಳಿದಿಲ್ಲ. ನೆನೆದಾಗ ಹೆದರಿಕೆಯೇನೂ ಆಗುವುದಿಲ್ಲ, ಮನಸ್ಸು ತುಂಬಿ ಬರುತ್ತದೆ. ಆ ಸಂಜೆ ಅವಳ ಮಂಚದ ಪಕ್ಕ ಕೂತು ನಾನು ಆಡಿದ್ದು ನಮ್ಮ ಅಜ್ಜಂಪುರದ ಕನ್ನಡ. ಅದನ್ನು ಬಿಟ್ಟು ಒಂದೇ ಒಂದು ಮಾತು ಬೇರೆ ಆಡಿಲ್ಲ.