ಅನುಭವ ಪತ್ರ ಹಾಗೂ ಮಜ್ಜಿಗೆಯ ಕುರಿತಾದ ನಿವೇದನೆ

ಓದುಗ ಮಹಾಶಯರ ಸನ್ನಿಧಾನಕ್ಕೆ,

ಮೊತ್ತಮೊದಲಾಗಿ ಕ್ಷಮೆ ಕೋರುತ್ತೇನೆ. ಈ ಬರಹದಲ್ಲಿ ಕಾಗುಣಿತದ ತಪ್ಪುಗಳಿವೆ. ಅವು ಎಲ್ಲಿವೆ ಎಂದು ನನಗೆ ತಿಳಿದಿದ್ದರೆ ಇರುತ್ತಿರಲಿಲ್ಲ. ಅಕ್ಷರವೂ ದುಂಡಗಿಲ್ಲ. ಶಾರ್ಜಾದ ಒಂದು ಊಟದ ಕಂಪನಿಯ ಉಗ್ರಾಣದಲ್ಲಿ, ಬೇಳೆಯ ಮೂಟೆಯ ಮೇಲೆ ಹಲಗೆ ಇಟ್ಟುಕೊಂಡು, ರದ್ದಾದ ಸಾಮಾನು ಚೀಟಿಗಳ ಹಿಂಬದಿಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಇದಕ್ಕೂ ಮುಂಚೆ ನಾನು ಬರೆದದ್ದು ಅರ್ಜಿಗಳನ್ನು ಮಾತ್ರ. ಆದ್ದರಿಂದ ಶೈಲಿಯು ತಾಲೂಕು ಕಚೇರಿಯ ಕಡೆಗೆ ವಾಲಿದರೆ ಅದನ್ನು ನನ್ನ ವಿನಯವೆಂದೇ ಭಾವಿಸಬೇಕಾಗಿ ಪ್ರಾರ್ಥನೆ.

ವಿಷಯ: ಯಾವುದೇ ಅನುಭವವಿಲ್ಲದ ಪದವೀಧರನಿಗೆ ಗಲ್ಫಿನಲ್ಲಿ ಕೆಲಸ ಸಿಕ್ಕಿದ ಬಗೆ.

ಊರಿನಿಂದ ವಾರಕ್ಕೆ ಇಬ್ಬರಾದರೂ ಫೋನ್ ಮಾಡಿ ಇದನ್ನೇ ಕೇಳುತ್ತಾರೆ. ಪ್ರತಿ ಸಲವೂ ಮೊದಲಿನಿಂದ ಹೇಳುವಷ್ಟರಲ್ಲಿ ನನ್ನ ಚಹಾ ತಣ್ಣಗಾಗುತ್ತದೆ. ಇನ್ನು ಮುಂದೆ ಕೇಳಿದವರಿಗೆ ಇದರ ಪ್ರತಿ ಕಳುಹಿಸುವುದೆಂದು ತೀರ್ಮಾನಿಸಲಾಗಿದೆ. ತೀರ್ಮಾನಿಸಿದವನು ನಾನೇ.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಬಂಟ್ವಾಳ ತಾಲೂಕಿನವನು. ಪೊಳಲಿಯ ಕಡೆಯ ಮನೆ. ಮೂಡುಬಿದಿರೆಯ ಕಾಲೇಜಿನಲ್ಲಿ ಮೂರು ವರ್ಷ ಬಿ.ಕಾಂ. ಓದಿ, ಪ್ರಥಮ ದರ್ಜೆಯಲ್ಲಿ ಉತ್ತೀರ್ಣನಾಗಿ, ಆ ದರ್ಜೆಯನ್ನು ಏನು ಮಾಡುವುದೆಂದು ತಿಳಿಯದೆ ಮನೆಯಲ್ಲಿ ಕುಳಿತಿದ್ದೆ. ಗಲ್ಫಿನ ಕೆಲಸದ ಜಾಹೀರಾತುಗಳೆಲ್ಲ ಮೊಬೈಲಿಗೆ ಬರುತ್ತಿದ್ದವು. ಎಲ್ಲದರಲ್ಲೂ ಒಂದೇ ಷರತ್ತು: ಕನಿಷ್ಠ ಎರಡು ವರ್ಷಗಳ ಅನುಭವ. ಕೆಲವರಿಗೆ ಅದೂ ಗಲ್ಫಿನಲ್ಲೇ ಆಗಿರಬೇಕಿತ್ತು. ಗಲ್ಫಿಗೆ ಹೋಗದೆ ಗಲ್ಫಿನ ಅನುಭವವನ್ನು ಎಲ್ಲಿಂದ ತರಿಸುವುದು? ನಲವತ್ತೊಂದು ಅರ್ಜಿ ಹಾಕಿದೆ. ಒಂದಕ್ಕೆ ಉತ್ತರ ಬಂತು. ಅದು ನನ್ನ ಅರ್ಜಿ ತಲುಪಿದೆ ಎಂಬ ಉತ್ತರ.

ಇತ್ತ ನನ್ನ ತಾಯಿಯವರು ನಾನು ಹೊರಡುವ ಸಂಗತಿಯನ್ನು ನೆರೆಕರೆಗೆ ಆಗಲೇ ತಿಳಿಸಿಯಾಗಿತ್ತು. ಕೆಲಸ ಸಿಗುವ ಮೊದಲೇ ನನ್ನ ಕೈಯಲ್ಲಿ ಕಳುಹಿಸಬೇಕಾದ ಪೊಟ್ಟಣಗಳು ಬರಲಾರಂಭಿಸಿದವು. ಅಜ್ಮಾನಿನಲ್ಲಿರುವ ಯಾರದೋ ಮಗನಿಗೆ ಹಲಸಿನ ಹಪ್ಪಳ, ದುಬೈಯಲ್ಲಿರುವ ಯಾರದೋ ಅಳಿಯನಿಗೆ ಮಾವಿನ ಮಿಡಿ ಉಪ್ಪಿನಕಾಯಿ. ಹಪ್ಪಳದ ಕಟ್ಟು ಕಪಾಟಿನ ಮೇಲೆ ಕುಳಿತು ದಿನವೂ ನನ್ನನ್ನು ನೋಡುತ್ತಿತ್ತು. ಎರಡು ತಿಂಗಳ ನಂತರ ಅದನ್ನು ನಾವೇ ಕರಿದು ತಿಂದೆವು. ಕೊಟ್ಟವರು ಬೇರೆ ಕಟ್ಟು ಕೊಟ್ಟರು.

ಆಗ ಪ್ರವೇಶಿಸಿದವರು ನನ್ನ ಸೋದರಮಾವ. ಬೆಳ್ತಂಗಡಿಯವರು, ಖಾಸಗಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿ ನಿವೃತ್ತರಾದವರು. ಜಗತ್ತಿನಲ್ಲಿ ಎಷ್ಟೇ ಇಕ್ಕಟ್ಟಾದರೂ ಇನ್ನೊಬ್ಬನಿಗೆ ಜಾಗ ಮಾಡಬಹುದೆಂಬುದು ಅವರ ಸಿದ್ಧಾಂತ. ನನ್ನ ಕಷ್ಟ ಕೇಳಿ ಅವರು, ಅನುಭವ ಬೇಕಾದರೆ ಮೂಡುಬಿದಿರೆಯಲ್ಲಿ ಸಿಗುತ್ತದೆ ಎಂದರು.

ಮೂಡುಬಿದಿರೆಯ ಪೇಟೆಯಲ್ಲಿ ಅವರ ಗುರುತಿನ ಜೈನ ಧಣಿಯೊಬ್ಬರ ಪಾತ್ರೆಯ ಅಂಗಡಿಯಿತ್ತು. ನಾವು ಹೋದಾಗ ಸಂಜೆ ಐದೂವರೆ. ಸೂರ್ಯ ಮುಳುಗುವ ಮುಂಚೆ ಊಟ ಮುಗಿಸಬೇಕಾದ್ದರಿಂದ ಧಣಿಗಳು ಎದ್ದು ನಿಂತೇ ವ್ಯವಹರಿಸಿದರು. ಅಂಗಡಿಯ ಹೆಸರು ಅಚ್ಚಾಗಿದ್ದ ಒಂದು ಹಾಳೆಯನ್ನು ಎಳೆದುಕೊಟ್ಟು, ಬೇಕಾದದ್ದನ್ನು ನೀನೇ ಬರೆದುಕೋ ಎಂದರು. ನಾನು ಕಾಲೇಜಿನ ವರ್ಗಾವಣೆ ಪತ್ರದ ಮಾದರಿಯಲ್ಲಿ, ಸದರಿಯವರು ಈ ಸಂಸ್ಥೆಯಲ್ಲಿ ಎರಡು ವರ್ಷ ಸಹಾಯಕ ಲೆಕ್ಕಿಗರಾಗಿದ್ದು ಅವರ ನಡತೆ ತೃಪ್ತಿಕರವಾಗಿತ್ತು ಎಂಬರ್ಥದ ಇಂಗ್ಲಿಷನ್ನು ಬರೆದೆ. ಧಣಿಗಳು ಅದನ್ನು ಓದಲಿಲ್ಲ. ಸಹಿ ಹಾಕುತ್ತ ಒಂದೇ ಒಂದು ತಿದ್ದುಪಡಿ ಸೂಚಿಸಿದರು: "ಎಂಟು ದಿನ ರಜೆ ಹಾಕಿದ್ದಾನೆ ಅಂತ ಸೇರಿಸು. ರಜೆಯೇ ಹಾಕದವನನ್ನು ಯಾರೂ ನಂಬುವುದಿಲ್ಲ."

ಇಲ್ಲಿ ಒಂದು ಮದುವೆಯ ಸಂಗತಿಯನ್ನು ದಾಖಲಿಸುವುದು ಅಗತ್ಯವಾಗಿದೆ.

ನಮ್ಮ ಕಡೆ ಮದುವೆ, ಗೃಹಪ್ರವೇಶ, ದೇವಸ್ಥಾನದ ಅನ್ನಸಂತರ್ಪಣೆ ಯಾವುದಿದ್ದರೂ ಬಡಿಸುವವರು ನೆರೆಕರೆಯ ಮತ್ತು ನೆಂಟರ ಹುಡುಗರೇ. ನಾನು ಒಂಬತ್ತನೇ ತರಗತಿಯಿಂದ ಬಡಿಸುತ್ತ ಬಂದವನು. ಮೊದಲು ಉಪ್ಪು, ಆಮೇಲೆ ನೀರು, ಪಲ್ಯ, ಅನ್ನ. ಸಾರಿನ ಬಕೆಟ್ಟು ಕೈಗೆ ಬರಬೇಕಾದರೆ ಮೀಸೆ ಮೂಡಬೇಕು. ಬಡಿಸುವವರಲ್ಲಿ ಒಂದು ನಿಯಮವುಂಟು: ಒಳಗೆ ಏನಾದರೂ ಮುಗಿಯುತ್ತ ಬಂದರೆ ಆ ಸುದ್ದಿ ಮನೆಯವರ ಕಿವಿಗೆ ಬೀಳಕೂಡದು. ಆ ದಿನವೂ ಬೀಳಕೂಡದು, ಮತ್ತೆಂದೂ ಬೀಳಕೂಡದು.

ಈ ಅನುಭವ ಪತ್ರಕ್ಕೂ ಮೂರು ವರ್ಷ ಮೊದಲು ಮಾವನ ಹಿರಿಯ ಮಗಳ ಮದುವೆ ಬೆಳ್ತಂಗಡಿಯಲ್ಲಿ ನಡೆಯಿತು. ಮಾವ ಆಮಂತ್ರಣ ಅಚ್ಚು ಹಾಕಿಸಿದ್ದಲ್ಲದೆ, ಒಂದು ತಿಂಗಳು ಬಸ್ಸಿನಲ್ಲಿ ಟಿಕೆಟಿನ ಜೊತೆಗೆ ಬಾಯಿಮಾತಿನಲ್ಲೂ ಆಮಂತ್ರಿಸಿದ್ದರು. ಬಸ್ಸಿಗೆ ಬಸ್ಸೇ ಊಟಕ್ಕೆ ಬಂತು. ಮೂರನೇ ಪಂಕ್ತಿಯಲ್ಲಿ, ವರನ ಕಡೆಯ ಹಿರಿಯರು ಕುಳಿತಿರುವಾಗ, ಒಳಗೆ ಪಾಯಸ ತಳ ಕಂಡಿತು. ಎಲ್ಲರಿಗೂ ಒಂದೊಂದು ಸೌಟು ಬಿದ್ದಿತ್ತು. ಎರಡನೆಯದಕ್ಕೆ ಎಲೆಗಳು ಕಾಯುತ್ತಿದ್ದವು. ಆಗ ನಾನು ಯಾರನ್ನೂ ಕೇಳದೆ ಮಜ್ಜಿಗೆಯನ್ನು ಕಳುಹಿಸಿದೆ. ಎಲೆಗೆ ಮಜ್ಜಿಗೆ ಬಿದ್ದ ಮೇಲೆ ಪಾಯಸ ಕೇಳುವವನು ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಪಂಕ್ತಿ ಎದ್ದಿತು.

ವರನ ದೊಡ್ಡಪ್ಪ ಕೈ ತೊಳೆಯುತ್ತ ಮಾವನಿಗೆ, ಊಟ ಬೇಗ ಮುಗಿಯಿತು ಎಂದರಂತೆ. ಅಷ್ಟೇ. ಅಡುಗೆಯ ಭಟ್ಟರು ಸಂಜೆ ಇನ್ನೊಂದು ಕಡೆ ಅಡುಗೆ ಒಪ್ಪಿಕೊಂಡು, ಗಡಿಬಿಡಿಯಲ್ಲಿ ಪಂಕ್ತಿಯನ್ನು ಎಬ್ಬಿಸಿದರೆಂದು ಮಾವ ನಿರ್ಧರಿಸಿದರು. ಅಂದಿನಿಂದ ಯಾವ ಮದುವೆಗೆ ಹೋದರೂ ಎಲೆಯ ಮುಂದೆ ಕುಳಿತು ಈ ಕಥೆಯನ್ನು ಅಕ್ಕಪಕ್ಕದವರಿಗೆ ಹೇಳುತ್ತಿದ್ದರು. ಎದುರಿನಿಂದ ಬಡಿಸುತ್ತ ಬರುತ್ತಿದ್ದ ನಾನು ಕೇಳಿಸದವನಂತೆ ಮುಂದೆ ಹೋಗುತ್ತಿದ್ದೆ.

ಈಗ ಸಂದರ್ಶನಕ್ಕೆ ಬರೋಣ.

ಶಾರ್ಜಾದ ಕಂಪನಿಯೊಂದು ಕಾರ್ಮಿಕರ ಶಿಬಿರಗಳಿಗೆ ಊಟ ಪೂರೈಸುತ್ತದೆಂದೂ, ಅದರ ಮ್ಯಾನೇಜರ್ ರಜೆಯಲ್ಲಿ ಊರಿಗೆ ಬಂದವರು ಬಿ.ಸಿ.ರೋಡಿನ ಲಾಡ್ಜೊಂದರಲ್ಲಿ ಜನ ಆರಿಸುತ್ತಾರೆಂದೂ ಸುದ್ದಿ ಬಂತು. ನಾನು ಫೈಲು ಹಿಡಿದು ಹೋದೆ. ಮಾವ ನನ್ನ ಧೈರ್ಯಕ್ಕೆಂದು ಜೊತೆಗೆ ಬಂದರು. ಕೋಣೆಯ ಹೊರಗೆ ನಿಲ್ಲಲು ಹೇಳಿದರೂ, ಒಳಗೆ ಜಾಗ ಉಂಟಲ್ಲ ಎಂದು ಬಂದು ಸೋಫಾದಲ್ಲಿ ಕುಳಿತೇಬಿಟ್ಟರು.

ಮ್ಯಾನೇಜರರು ಐವತ್ತು ದಾಟಿದವರು. ನನ್ನ ಅನುಭವ ಪತ್ರವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಇಂಗ್ಲಿಷ್ ಬಿಟ್ಟು ತುಳುವಿಗೆ ಇಳಿದರು. ಆ ಮಾತನ್ನು ನಮ್ಮ ಕಡೆಯ ಕನ್ನಡದಲ್ಲಿ ಸಾದರಪಡಿಸುತ್ತಿದ್ದೇನೆ.

"ಈ ಅಂಗಡಿಯಲ್ಲಿ ನಾನೂ ಎರಡು ವರ್ಷ ಇದ್ದೆ," ಎಂದರು.

ಮಾವ ಸೋಫಾದಿಂದಲೇ ಸಂತೋಷಪಟ್ಟು, "ಹಾಗಾದ್ರೆ ಗುರುತಿನವರೇ ಆಯ್ತಲ್ಲ," ಎಂದರು.

"ನೀನು ಎಲ್ಲಿ ಕೂತ್ಕೊಳ್ತಿದ್ದೆ?"

"ಹಿಂದಿನ ಕೋಣೆಯಲ್ಲಿ, ಸರ್."

"ಹಿಂದೆ ಬಾವಿ ಉಂಟು."

ಅವರು ಪತ್ರವನ್ನು ಮಡಚಿ ನನ್ನ ಕಡೆಗೆ ಸರಿಸಿದರು. "ನಾನೂ ನನ್ನ ಸಂದರ್ಶನದಲ್ಲಿ ಹಿಂದಿನ ಕೋಣೆ ಅಂತಲೇ ಹೇಳಿದ್ದು. ಪುಣ್ಯಕ್ಕೆ ನನ್ನನ್ನು ಕೇಳಿದವ ಈಜಿಪ್ಟಿನವ. ನೋಡು, ಆ ಅಂಗಡಿಯ ಲೆಕ್ಕಿಗರು ನಮ್ಮ ಕಂಪನಿಯಲ್ಲೇ ಈಗ ನಾಲ್ಕು ಜನ ಇದ್ದಾರೆ. ಒಂದು ಪಾತ್ರೆ ಅಂಗಡಿಗೆ ಎಷ್ಟು ಲೆಕ್ಕಿಗರು ಬೇಕು ಮಾರಾಯ?"

ಇದು ನಮ್ಮ ಊರಿನವರು ಮಾತ್ರ ಮಾಡಬಹುದಾದ ತಪ್ಪೆಂದು ನನಗೆ ಆಗ ಹೊಳೆಯಿತು. ನಾವು ಸುಳ್ಳು ಹೇಳುವುದು ಗಲ್ಫಿಗೆ. ಆದರೆ ಗಲ್ಫಿನ ಆ ತುದಿಯಲ್ಲಿ ಕುಳಿತು ಕೇಳುವವನು ನಮ್ಮ ಪಕ್ಕದ ತಾಲೂಕಿನವನೇ.

ಬರೆದದ್ದೆಲ್ಲ ಇರಲಿ, ನಿಜವಾಗಿ ಏನಾದರೂ ಮಾಡಿದ್ದುಂಟೋ ಎಂದು ಅವರು ಕೇಳಿದರು. ಬಡಿಸಿದ್ದೇನೆ ಎಂದೆ. ಅವರು ನಗಬಹುದೆಂದುಕೊಂಡಿದ್ದೆ, ನಗಲಿಲ್ಲ, ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಐನೂರು ಜನಕ್ಕೆ ಬೇಯಿಸಿದ ಸಾಂಬಾರಿಗೆ ಏಳುನೂರು ಜನ ಬಂದರೆ ಏನು ಮಾಡುತ್ತೀ ಎಂದರು. ದೊಡ್ಡ ಸೌಟನ್ನು ಅಡಗಿಸಿ ಸಣ್ಣದನ್ನು ತರುತ್ತೇನೆ, ನೀರಿನವನನ್ನು ಎರಡು ಸಲ ಕಳುಹಿಸುತ್ತೇನೆ, ಅನ್ನವನ್ನು ನಿಧಾನ ಮಾಡುತ್ತೇನೆ ಎಂದೆ. ಬಕೆಟ್ಟು ಪೂರ್ತಿ ಖಾಲಿಯಾಗುವ ತನಕ ಕಾಯಬಾರದು, ಕಾಲು ಭಾಗ ಇರುವಾಗಲೇ ಒಳಗೆ ಹೋಗಬೇಕು, ಖಾಲಿ ಬಕೆಟ್ಟನ್ನು ಜನ ನೋಡಿದರೆ ಹಸಿವು ಹೆಚ್ಚಾಗುತ್ತದೆ ಎಂದೂ ಸೇರಿಸಿದೆ. ಬಿ.ಕಾಂ.ನ ಮೂರು ವರ್ಷಗಳಲ್ಲಿ ಯಾವ ಪ್ರಶ್ನೆಗೂ ನಾನು ಇಷ್ಟು ಸರಾಗವಾಗಿ ಉತ್ತರಿಸಿದ್ದಿಲ್ಲ.

"ಅದೂ ಸಾಲದೆ ಹೋದ್ರೆ?"

ಉತ್ತರ ನನಗೆ ಗೊತ್ತಿತ್ತು. ಅದು ಗೊತ್ತಿರುವುದು ಹೇಗೆಂಬುದು ಸೋಫಾದಲ್ಲಿ ಕುಳಿತವರಿಗೆ ಗೊತ್ತಿರಲಿಲ್ಲ. ಹೇಳದಿದ್ದರೆ ಕೆಲಸ ಇಲ್ಲ. ನಲವತ್ತೆರಡನೆಯ ಅರ್ಜಿಯೂ ಹೋಯಿತು. ಹೇಳಿದರೆ ನಿಯಮ ಹೋಯಿತು, ಮಾವನ ಮೂರು ವರ್ಷದ ಕಥೆಯೂ ಹೋಯಿತು.

"ಮಜ್ಜಿಗೆ ಬೇಗ ಕಳಿಸ್ತೇನೆ, ಸರ್."

"ಕಳಿಸಿದ್ದುಂಟಾ ಯಾವತ್ತಾದ್ರೂ?"

"ಒಮ್ಮೆ. ಬೆಳ್ತಂಗಡಿಯಲ್ಲಿ, ಮಾವನ ಮಗಳ ಮದುವೆಯಲ್ಲಿ."

ಹಿಂದೆ ಸೋಫಾ ಕಿರುಗುಟ್ಟಿದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ.

ಮ್ಯಾನೇಜರರು ನನ್ನ ಅರ್ಜಿಯಲ್ಲಿ ಅನುಭವ ಎಂಬಲ್ಲಿದ್ದ ಎರಡು ವರ್ಷವನ್ನು ಹೊಡೆದುಹಾಕಿ ತಮ್ಮ ಕೈಯಾರೆ ಇಲ್ಲ ಎಂದು ತಿದ್ದಿದರು. ಉಗ್ರಾಣದ ಸಹಾಯಕ ಹುದ್ದೆ ಒಂದುಂಟು, ಅದಕ್ಕೆ ಅನುಭವ ಬೇಡ, ಆದರೆ ಬಡಿಸಿದ್ದು ನಿಜವೋ ಅಲ್ಲವೋ ತಿಳಿಯಬೇಕು. ನಿನ್ನ ಕೆಲಸ ನೋಡಿದ ಅಡುಗೆಯವರೊಬ್ಬರಿಂದ ನಾಳೆ ಸಂಜೆಯೊಳಗೆ ನನಗೆ ಫೋನ್ ಮಾಡಿಸು ಎಂದರು. ಕಾಗದ ಬೇಡ ಎಂದು ಒತ್ತಿ ಹೇಳಿದರು.

ನನ್ನ ಕೆಲಸವನ್ನು ವರ್ಷಗಟ್ಟಲೆ ನೋಡಿದ ಅಡುಗೆಯವರು ಒಬ್ಬರೇ ಇದ್ದರು: ಮಾವ ಮೂರು ವರ್ಷದಿಂದ ಬೈಯುತ್ತಿದ್ದ ಅದೇ ಭಟ್ಟರು.

ಬಿ.ಸಿ.ರೋಡಿನಲ್ಲಿ ಬೆಳ್ತಂಗಡಿಯ ಬಸ್ಸು ಹತ್ತಿದೆವು. ವಗ್ಗದಲ್ಲಿ ಪರಿಚಯದ ಕಂಡಕ್ಟರ್ ಬಂದು ಕುಶಲ ಕೇಳಿದರೂ ಮಾವ ಕಿಟಕಿಯ ಹೊರಗೆ ನೋಡಿದರು. ಮಡಂತ್ಯಾರು ದಾಟುವಾಗ ಕೇಳಿದರು:

"ಪಾಯಸ ನಿಜವಾಗಿ ಎಷ್ಟಿತ್ತು ಒಳಗೆ?"

"ಅರ್ಧ ಬಕೆಟ್, ಮಾವ. ನೂರೈವತ್ತು ಎಲೆಗೆ."

ಅವರು ಬಸ್ಸಿನ ಒಳಗೆ ಒಮ್ಮೆ ಕಣ್ಣಾಡಿಸಿದರು. ಬಹುಶಃ ಅಂದು ಕರೆದವರಲ್ಲಿ ಕೆಲವರು ಅಲ್ಲೂ ಇದ್ದರು. "ಜನ ಹೆಚ್ಚಾದದ್ದಕ್ಕೆ ಭಟ್ಟರು ಎಂತ ಮಾಡ್ತಾರೆ," ಎಂದು ತಮಗೆ ತಾವೇ ಹೇಳಿಕೊಂಡು, ಗುರುವಾಯನಕೆರೆ ಬರುತ್ತಲೇ ಎದ್ದರು. "ಇಳಿ. ಭಟ್ಟರ ಮನೆ ಇಲ್ಲಿಯೇ. ಹೋಗುವ."

ಭಟ್ಟರು ಜಗುಲಿಯಲ್ಲಿ ಕುಳಿತು ಮರುದಿನದ ಅಡುಗೆಗೆ ಸೌತೆಕಾಯಿ ಆರಿಸುತ್ತಿದ್ದರು. ಮಾವನನ್ನು ಕಂಡು ಎದ್ದು ನಿಂತರು. ಬೈಸಿಕೊಳ್ಳಲು ಸಿದ್ಧರಾದವರಂತೆ ಹೆಗಲ ಬೈರಾಸನ್ನು ಸರಿಪಡಿಸಿಕೊಂಡರು. ಮಾವ ನನ್ನನ್ನು ಮುಂದಕ್ಕೆ ತಳ್ಳಿದರು. ನಾನು ಎಲ್ಲವನ್ನೂ ನಿವೇದಿಸಿದೆ.

"ನನಗೆ ಗೊತ್ತುಂಟು," ಎಂದರು ಭಟ್ಟರು. "ಮಜ್ಜಿಗೆಯ ಬಕೆಟ್ ನೀನು ಎತ್ತುವಾಗ ನಾನು ಒಲೆಯ ಹತ್ತಿರವೇ ಇದ್ದೆ. ನಾನಾದ್ರೂ ಅದನ್ನೇ ಮಾಡ್ತಿದ್ದೆ."

"ಮತ್ತೆ ಇಷ್ಟು ದಿನ ಹೇಳಲಿಲ್ಲ ಯಾಕೆ ನೀವು?" ಎಂದರು ಮಾವ.

"ಒಳಗಿನದ್ದು ಮನೆಯವರಿಗೆ ಹೇಳ್ಲಿಕ್ಕೆ ಉಂಟಾ?"

ಮಾವ ಜಗುಲಿಯ ತುದಿಯಲ್ಲಿ ಕುಳಿತು, ಸೌತೆಕಾಯಿಯೊಂದನ್ನು ಕೈಗೆತ್ತಿಕೊಂಡು, ಕಹಿಯಿದೆಯೋ ಎಂದು ನೋಡುವವರಂತೆ ಅದರ ತೊಟ್ಟನ್ನು ಬಹಳ ಹೊತ್ತು ಪರೀಕ್ಷಿಸಿದರು. ಭಟ್ಟರು ಅಲ್ಲಿಂದಲೇ ಮ್ಯಾನೇಜರರಿಗೆ ಫೋನ್ ಮಾಡಿದರು. ಹುಡುಗ ಏಳೆಂಟು ವರ್ಷದಿಂದ ಬಡಿಸುತ್ತಾನೆ, ಸಾರಿನ ಬಕೆಟ್ಟು ಚೆಲ್ಲಿದ್ದು ಒಮ್ಮೆ ಮಾತ್ರ, ಅದೂ ಒಬ್ಬ ತಹಶೀಲ್ದಾರರ ಮೇಲೆ, ಅವರು ಏನೂ ಅನ್ನಲಿಲ್ಲ ಎಂದರು. ಇಷ್ಟು ಪ್ರಾಮಾಣಿಕವಾದ ಶಿಫಾರಸು ಬೇಡವಿತ್ತು. ಆದರೆ ಇಪ್ಪತ್ತು ದಿನಗಳಲ್ಲಿ ವೀಸಾ ಬಂತು. ಹಪ್ಪಳದ ಮೂರನೆಯ ಕಟ್ಟು ನನ್ನ ಜೊತೆ ವಿಮಾನ ಹತ್ತಿತು.

ಅನುಭವ ಪತ್ರವನ್ನು ಮೂಡುಬಿದಿರೆಗೆ ಹಿಂತಿರುಗಿಸಲು ಹೋದಾಗ ಧಣಿಗಳು, ಇಟ್ಟುಕೋ, ಮುಂದೆ ಬೇಕಾದೀತು ಎಂದರು. ಇಟ್ಟುಕೊಂಡಿದ್ದೇನೆ. ಉಗ್ರಾಣದ ಕಪಾಟಿನ ಕುಂಟುವ ಕಾಲಿನ ಅಡಿಯಲ್ಲಿದೆ.

ಈ ತಿಂಗಳಿಗೆ ಇಲ್ಲಿ ಎರಡು ವರ್ಷ ತುಂಬುತ್ತದೆ. ಕಳೆದ ವಾರ ಮಾವನ ಕಿರಿಯ ಮಗಳ ಮದುವೆಯಾಯಿತು. ನನಗೆ ರಜೆ ಸಿಗಲಿಲ್ಲ, ಫೋನಿನಲ್ಲೇ ನೋಡಿದೆ. ಅಡುಗೆ ಅದೇ ಭಟ್ಟರದು. ಮಾವ ಮೊದಲ ಪಂಕ್ತಿಯ ಮುಂದೆ ನಿಂತು, ಹಿಂದಿನ ಮದುವೆಯಲ್ಲಿ ಪಂಕ್ತಿ ಬೇಗ ಎದ್ದದ್ದು ತಾನು ಬಸ್ಸಿಗೆ ಬಸ್ಸನ್ನೇ ಕರೆದದ್ದರಿಂದ, ಭಟ್ಟರ ತಪ್ಪಲ್ಲ ಎಂದು, ಮುಂದಿನ ನಿಲ್ದಾಣವನ್ನು ಕೂಗುವ ದನಿಯಲ್ಲಿ ಹೇಳಿದರು. ಈ ಸಲ ಅವರು ಪಾಯಸವನ್ನು ಎರಡರಷ್ಟು ಮಾಡಿಸಿದ್ದರು. ಮರುದಿನ ಫೋನ್ ಮಾಡಿ, ಒಂದು ಕಡಾಯಿ ಹಾಗೆಯೇ ಉಳಿಯಿತು, ಬಡಿಸುವ ಹುಡುಗರಿಗೆ ಮಜ್ಜಿಗೆಯನ್ನು ಯಾವಾಗ ತಡೆಯಬೇಕೆಂದು ತಿಳಿಯಲಿಲ್ಲ, ನೀನು ಇರಬೇಕಿತ್ತು ಎಂದು ದೂರಿದರು.

ಆದ್ದರಿಂದ ಕೆಲಸ ಹುಡುಕುವವರಲ್ಲಿ ನನ್ನ ವಿನಂತಿ ಇಷ್ಟೇ. ಅನುಭವ ಎಂಬಲ್ಲಿ ಇಲ್ಲ ಎಂದು ಬರೆಯಿರಿ; ಆಮೇಲೆ ಕೇಳಿದರೆ ನಿಜವಾಗಿ ಮಾಡಿದ್ದನ್ನು ಹೇಳಿ, ಸೋಫಾದಲ್ಲಿ ಯಾರೇ ಕುಳಿತಿರಲಿ.

ಈ ಚೀಟಿಗಳಲ್ಲಿ ತಮ್ಮ ಕಣ್ಣಿಗೆ ಬಿದ್ದ ತಪ್ಪುಗಳನ್ನು ದಯಮಾಡಿ ತಾವೇ ತಿದ್ದಿ ಓದಿಕೊಳ್ಳಬೇಕು. ಸಾಧ್ಯವಾದರೆ ನನಗೂ ತಿಳಿಸಬೇಕು. ಒಮ್ಮೆ ತಿದ್ದಿಸಿಕೊಂಡು ಕೆಲಸ ಗಿಟ್ಟಿಸಿದವನು ನಾನು. ಇನ್ನೊಮ್ಮೆ ತಿದ್ದಿಸಿಕೊಳ್ಳಲು ಸಂಕೋಚವಿಲ್ಲ.